ಗುಂಡಿ ತೆಗೆದ ಭಾನುವಾರ

ತುಮಕೂರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಕಕ್ಕಸಿನ ಪ್ಯಾನು ಎಷ್ಟು ಮಾರಿದ್ದೇನೆ ಅನ್ನೋದಕ್ಕೆ ಮಾತ್ರ ಲೆಕ್ಕ ಇಟ್ಟಿಲ್ಲ. ಬಿಳಿ ಬೇಕೋ ನೀಲಿ ಬೇಕೋ ಅಂತ ಕೇಳಿ, ಹುಲ್ಲು ಸುತ್ತಿ ಕಟ್ಟಿ, ಆಟೋಗೆ ಹಾಕಿಸಿ ಕಳಿಸಿದರೆ ನಮ್ಮ ಕೆಲಸ ಮುಗಿಯಿತು. ಅದರಿಂದ ಕೆಳಗೆ ಇಳಿದದ್ದು ಎಲ್ಲಿಗೆ ಹೋಗುತ್ತದೆ, ಕೊನೆಗೆ ಅದನ್ನು ಯಾರು ತೆಗೆಯುತ್ತಾರೆ ಅಂತ ಒಂದು ದಿನವೂ ಯೋಚಿಸಿದವನಲ್ಲ.

ಯೋಚಿಸುವ ಹಾಗೆ ಮಾಡಿದ್ದು ನಮ್ಮ ಮನೆಯದೇ ಗುಂಡಿ.

ನಮ್ಮೂರು ಶಿರಾ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಮ್ಮ, ತಮ್ಮ, ತಮ್ಮನ ಹೆಂಡತಿ, ಅವರ ಮಕ್ಕಳು ಊರಲ್ಲಿರುತ್ತಾರೆ. ನಾನು ಶನಿವಾರ ರಾತ್ರಿ ಬಸ್ಸು ಹತ್ತಿ ಹೋಗಿ ಸೋಮವಾರ ಬೆಳಗ್ಗೆ ವಾಪಸ್ ಬರುವವನು. 2017ರ ಕೊನೆಯವರೆಗೂ ನಮ್ಮನೆಯಲ್ಲಿ ಕಕ್ಕಸು ಇರಲಿಲ್ಲ. ಗಂಡಸರಿಗೆ ಕೆರೆ ಅಂಗಳ, ಹೆಂಗಸರಿಗೆ ಸೀಮೆಜಾಲಿ ಮರೆ. ತಮ್ಮನ ಹೆಂಡತಿ ಎರಡನೇ ಬಸುರಿಯಲ್ಲಿ ನಸುಕಿಗೆ ಚೊಂಬು ಹಿಡಿದು ಹೋದವಳು ಜಾಲಿ ಬುಡದಲ್ಲಿ ಕಾಲು ಜಾರಿ ಬಿದ್ದಳು. ದೇವರ ದಯೆ, ಏನೂ ಆಗಲಿಲ್ಲ. ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. ಮುಂದಿನ ಶನಿವಾರ ನನಗೆ ಊಟಕ್ಕೆ ಬಡಿಸುತ್ತಾ, "ಭಾವ, ನಿಮ್ಮ ಅಂಗಡೀಲಿ ಒಂದು ಪ್ಯಾನಿಗೆ ಎಷ್ಟು?" ಅಂದಳು. ಅಷ್ಟೇ.

ಪಂಚಾಯ್ತಿಯಲ್ಲಿ ಸ್ವಚ್ಛ ಭಾರತದ ಅರ್ಜಿ ಹಾಕಿದೆವು. ಪ್ರೋತ್ಸಾಹಧನ ನಮಗೆ 12,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮ್ಮ ರಾಜ್ಯದಲ್ಲಿ 15,000. ಆ ದುಡ್ಡಲ್ಲಿ ಕಕ್ಕಸು ಮುಗಿಯುತ್ತೆ ಅಂದುಕೊಂಡವರು ಮರಳು ಕೊಂಡಿಲ್ಲ ಅಂತ ಅರ್ಥ. ನಮಗೆ ಎಲ್ಲಾ ಸೇರಿ 31,000 ಆಯಿತು, ಪ್ಯಾನನ್ನು ಅಂಗಡಿಯಲ್ಲಿ ಅಸಲು ಬೆಲೆಗೆ ತಂದೂ. ಕಾಗದ, ಫೋಟೋ, ಬ್ಯಾಂಕು ಓಡಾಟದ ಕತೆ ಬೇಡ, ಎಲ್ಲರ ಮನೆಯದೂ ಒಂದೇ.

ಜಗಳ ಶುರುವಾಗಿದ್ದು ಗುಂಡಿ ವಿಷಯಕ್ಕೆ. ಮೇಸ್ತ್ರಿ ಬಂದವನೇ ಹಿತ್ತಲಲ್ಲಿ ಕಾಲಲ್ಲಿ ಗೀಟು ಎಳೆದು, "ಇಲ್ಲಿ ಹನ್ನೆರಡು ಅಡಿ ಒಂದೇ ಗುಂಡಿ ಹೊಡ್ಸಿಬಿಡಿ ಅಣ್ಣ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬಲ್ಲ" ಅಂದ. ತಮ್ಮನಿಗೂ ಅದೇ ಇಷ್ಟ. ಪಕ್ಕದ ಮನೆ ದೊಡ್ಡಪ್ಪನದು 15 ಅಡಿ. ಊರಲ್ಲಿ ಯಾರ ಗುಂಡಿ ಎಷ್ಟು ಆಳ ಅನ್ನೋದು, ಯಾರ ಬೋರಲ್ಲಿ ಎಷ್ಟು ಇಂಚು ನೀರು ಅನ್ನೋ ಹಾಗೆ ಹೇಳಿಕೊಳ್ಳುವ ಮಾತಾಗಿತ್ತು.

ನನ್ನ ಕೈಯಲ್ಲಿದ್ದದ್ದು ಪಂಚಾಯ್ತಿಯಲ್ಲಿ ಕೊಟ್ಟ ಒಂದು ಹಾಳೆ. ಅದರಲ್ಲಿ ಎರಡು ಗುಂಡಿಯ ಚಿತ್ರ. ಒಂದೊಂದೂ ಸುಮಾರು ಮೂರೂಕಾಲು ಅಡಿ ಅಗಲ, 4 ಅಡಿ ಆಳ. ಅಷ್ಟು ಚಿಕ್ಕದು. ನೋಡಿದರೆ ನಗು ಬರುತ್ತದೆ. ಇದರಲ್ಲಿ ಐದು ಜನರದ್ದು ಹಿಡಿಯುತ್ತಾ? ನನಗೂ ಅನುಮಾನವೇ. ಆದರೆ ಚಿತ್ರದ ಕೆಳಗೆ ಬರೆದದ್ದನ್ನು ಎರಡು ಮೂರು ಸಲ ಓದಿದ ಮೇಲೆ ವಿಷಯ ತಲೆಗೆ ಹೋಯಿತು. ಗುಂಡಿಗೆ ಬೀಳುವುದರಲ್ಲಿ ಹೆಚ್ಚು ಪಾಲು ನೀರು. ಅದು ಗೋಡೆಯ ಸಂದಿಯಿಂದ ಸುತ್ತಲಿನ ಮಣ್ಣಿಗೆ ಇಳಿಯುತ್ತದೆ. ಗ್ಯಾಸನ್ನೂ ಮಣ್ಣೇ ಹೀರುತ್ತದೆ. ಅದಕ್ಕೇ ಇದಕ್ಕೆ ಆ ಉದ್ದನೆಯ ಗಾಳಿ ಪೈಪೂ ಬೇಡ. ಉಳಿಯುವ ಗಟ್ಟಿಯನ್ನು ಸೂಕ್ಷ್ಮಜೀವಿಗಳು ತಿಂದು ಮಣ್ಣು ಮಾಡುತ್ತವೆ. ಒಂದು ಗುಂಡಿ ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿದ್ದನ್ನು ಒಂದೂವರೆಯಿಂದ ಎರಡು ವರ್ಷ ಮುಟ್ಟದೆ ಬಿಟ್ಟರೆ ಗೊಬ್ಬರ.

ಆಳದ ಒಂದೇ ಗುಂಡಿಯ ತೊಂದರೆ ಅಲ್ಲೇ ಇರೋದು. ಅದು ತುಂಬೋದು ನಿಧಾನ, ನಿಜ. ಆದರೆ ಹಳೆಯದರ ಮೇಲೆ ಹೊಸದು ದಿನಾ ಬೀಳುತ್ತಲೇ ಇರುತ್ತದೆ. ಪೂರ್ತಿ ಮಣ್ಣಾಗಿದೆ ಅನ್ನುವ ದಿನ ಅದಕ್ಕೆ ಬರೋದೇ ಇಲ್ಲ. ಇವತ್ತಲ್ಲ ನಾಳೆ ಯಾರೋ ಒಬ್ಬರು ಹಸಿಯದನ್ನೇ ತೆಗೆಯಬೇಕು. ಆ ಯಾರೋ ಒಬ್ಬರು ಯಾರು ಅಂತ ಹನ್ನೆರಡು ಅಡಿ ತೋಡಿಸುವವರಿಗೆಲ್ಲ ಒಳಗೊಳಗೇ ಗೊತ್ತು. ಬಾಯಿಬಿಟ್ಟು ಹೇಳಲ್ಲ, ಅಷ್ಟೇ.

ಇದನ್ನು ನಾನು ಆಗ ಇಷ್ಟು ಬಿಡಿಸಿ ಹೇಳಿದೆ ಅಂದರೆ ಸುಳ್ಳಾಗುತ್ತದೆ. ನಾನು ಹೇಳಿದ್ದು, "ಎರಡು ಗುಂಡಿ ಇಲ್ಲದಿದ್ರೆ ಬಿಲ್ ಆಗಲ್ಲ" ಅಂತ. ಮೇಸ್ತ್ರಿಗೂ ತಮ್ಮನಿಗೂ ಅರ್ಥವಾದದ್ದು ಆ ಮಾತೇ.

ಗುಂಡಿಯ ಒಳಗೋಡೆಯನ್ನು ಜೇನುಗೂಡಿನ ಹಾಗೆ ಕಟ್ಟಬೇಕು. ಒಂದು ವರಸೆ ಇಟ್ಟಿಗೆ ಸಂದಿ ಬಿಡದೆ, ಮುಂದಿನ ವರಸೆ ಎರಡೆರಡು ಇಂಚು ಸಂದಿ ಬಿಟ್ಟು. ತಳಕ್ಕೆ ಸಿಮೆಂಟು ಹಾಕುವ ಹಾಗಿಲ್ಲ, ಬರೀ ಮಣ್ಣು. ನಮ್ಮ ಮೇಸ್ತ್ರಿಗೆ ಇದು ಸಂಕಟ. ಇಪ್ಪತ್ತೈದು ವರ್ಷ ನೀರು ಸೋರದ ಹಾಗೆ ಕಟ್ಟಿ ಹೆಸರು ಮಾಡಿದವನಿಗೆ, ಸೋರುವ ಹಾಗೆ ಕಟ್ಟಪ್ಪಾ ಅಂದರೆ ಕೈ ಓಡಬೇಕಲ್ಲ! ನಾನು ಟೀ ಕುಡಿದು ಬರುವಷ್ಟರಲ್ಲಿ ಮೂರು ವರಸೆಯ ಸಂದಿಗೆಲ್ಲ ಗಾರೆ ಮೆತ್ತಿದ್ದ. ಒಣಗುವ ಮುಂಚೆ ಕಡ್ಡಿಯಲ್ಲಿ ಕೆದಕಿ ತೆಗೆಸಿದೆ. ಎರಡು ಗುಂಡಿಯ ನಡುವೆ ಮೂರು ಅಡಿ ಚಿಲ್ಲರೆ ಅಂತರ, ಮುಂದೆ ಒಂದು ಸಣ್ಣ ಚೇಂಬರು, ಅದರಿಂದ ಕವಣೆ ಕೋಲಿನ ಹಾಗೆ ಕವಲೊಡೆದ ಎರಡು ದಾರಿ. ಒಂದಕ್ಕೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿದರೆ ಇನ್ನೊಂದಕ್ಕೆ ಹೋಗುತ್ತದೆ. ಇಷ್ಟೇ ಯಂತ್ರ.

ಪ್ಯಾನಿನ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲಿಲ್ಲ. ಅಂಗಡಿಗೆ ಬರುವ ಹಳ್ಳಿಯವರೆಲ್ಲ ನೋಡಲು ಚೆಂದ ಅಂತ ಒರಿಸ್ಸಾ ಪ್ಯಾನು ಕೇಳುತ್ತಾರೆ. ಅದಕ್ಕೆ ಒಂದು ಸಲಕ್ಕೆ ಅರ್ಧ ಬಕೆಟ್ಟು ನೀರು ಬೇಕು. ರೂರಲ್ ಪ್ಯಾನು ಅಂತ ಬರುತ್ತದೆ, ಇಳಿಜಾರು ಜಾಸ್ತಿ, ಪ್ಯಾನಿನ ಕೆಳಗಿನ ಬಾಗಿದ ಕೊಳವೆ, ಅಂದರೆ ಟ್ರಾಪಿನಲ್ಲಿ, ನಿಲ್ಲುವ ನೀರು 20 ಮಿಲಿಮೀಟರ್ ಅಷ್ಟೇ. ಒಂದೂವರೆ ಎರಡು ಲೀಟರು ಹುಯ್ದರೆ ಸಾಕು. ಆಗ ನಮ್ಮೂರಲ್ಲಿ ಮೂರು ದಿನಕ್ಕೊಮ್ಮೆ ತೊಂಬೆಗೆ ನೀರು ಬಿಡುತ್ತಿದ್ದರು. ತೊಂಬೆಯಿಂದ ಮನೆಗೆ ಬಿಂದಿಗೆ ಹೊರುವವಳು ಯಾರು ಅಂತ ಕೇಳಿಕೊಂಡರೆ ಯಾವ ಪ್ಯಾನು ಅನ್ನೋದು ತಾನಾಗೇ ತೀರ್ಮಾನವಾಗುತ್ತದೆ.

2018ರ ಫೆಬ್ರವರಿಯಲ್ಲಿ ಕಕ್ಕಸು ಸಿದ್ಧವಾಯಿತು. ಅಮ್ಮ ಮಾತ್ರ ಹೋಗಲೊಲ್ಲಳು. ನಾಚಿಕೆ ಇರಬೇಕು, ಮನೆ ಪಕ್ಕದಲ್ಲೇ ಅಂದರೆ ಮೈಲಿಗೆ ಅನ್ನಿಸುತ್ತಿರಬೇಕು ಅಂತ ನಾನು ನನ್ನಷ್ಟಕ್ಕೆ ಅಂದುಕೊಂಡಿದ್ದೆ. ಒಂದು ದಿನ ಗದರಿ ಕೇಳಿದ್ದಕ್ಕೆ ಹೇಳಿದಳು: "ಅಷ್ಟು ಸಣ್ಣ ಗುಂಡಿ ಕಣಪ್ಪ. ನಾನೂ ಹೋದ್ರೆ ಬೇಗ ತುಂಬೋಗುತ್ತೆ. ಬಾಣಂತಿ ಇದಾಳೆ, ಅವ್ಳಿಗಿರ್ಲಿ." ರಾಗಿ ಮೂಟೆ ಉಳಿಸುವ ಹಾಗೆ ಗುಂಡಿ ಉಳಿಸುತ್ತಿದ್ದಳು! ಸರ್ಕಾರದವರು ಗೋಡೆ ಮೇಲೆ ಮಾನ, ಮರ್ಯಾದೆ, ಆರೋಗ್ಯ ಅಂತ ಎಷ್ಟೊಂದು ಬರೆಸಿದರು. ಗುಂಡಿ ತುಂಬಿದರೆ ಏನು ಮಾಡಬೇಕು ಅಂತ ಒಂದು ಗೋಡೆ ಮೇಲೂ ಬರೆಸಲಿಲ್ಲ. ಊರಿಗೆ ಇದ್ದ ಭಯ ಅದೊಂದೇ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಅಂಗಡಿ ಮುಚ್ಚಿತು. ನಾನು ಊರಿಗೆ ಬಂದೆ, ಬೆಂಗಳೂರಿಂದ ಚಿಕ್ಕಮ್ಮನ ಮಕ್ಕಳೂ ಬಂದರು. ಎರಡು ತಿಂಗಳು ಮನೆ ತುಂಬಾ ಜನ. ಅಮ್ಮನ ಉಳಿತಾಯವೆಲ್ಲ ಆಗಲೇ ಖರ್ಚಾಯಿತು. ಅಷ್ಟರಲ್ಲಿ ಅವಳ ಮಂಡಿ ನೋವೂ ಜೋರಾಗಿ, ಕೆರೆ ಕಡೆ ನಡೆಯಲಾಗದೆ ತಾನೂ ಒಳಗೇ ಹೋಗತೊಡಗಿದಳು. 2022ರ ಮಾರ್ಚ್ ಹೊತ್ತಿಗೆ ಪ್ಯಾನಿಗೆ ಹುಯ್ದ ನೀರು ಇಳಿಯಲು ಹಿಂದೆಮುಂದೆ ನೋಡುವ ಹಾಗಾಯಿತು. ನಾಲ್ಕು ವರ್ಷಕ್ಕೆ ಮೊದಲ ಗುಂಡಿ ತುಂಬಿತ್ತು. ತಮ್ಮ ಮೂಗಿಗೆ ಟವೆಲ್ ಕಟ್ಟಿಕೊಂಡು ಚೇಂಬರಿನ ಮುಚ್ಚಳ ತೆಗೆದು, ಕೋಲಿನಲ್ಲಿ ಇಟ್ಟಿಗೆಯನ್ನು ಈ ಬಾಯಿಂದ ಆ ಬಾಯಿಗೆ ತಳ್ಳಿ, ಮಣ್ಣು ಮೆತ್ತಿದ. ಹತ್ತು ನಿಮಿಷ. ಆಮೇಲೆ ಎರಡು ಸಲ ಸ್ನಾನ ಮಾಡಿದ.

ಅದೇ ವರ್ಷದ ಕೊನೆಗೆ ಮನೆಗೆ ನಲ್ಲಿ ಬಂತು. ಜಲಜೀವನ್ ಮಿಷನ್ನಿನದು, ನಮ್ಮ ರಾಜ್ಯದಲ್ಲಿ ಮನೆಮನೆಗೆ ಗಂಗೆ ಅಂತಾರೆ. ಒಬ್ಬರಿಗೆ ದಿನಕ್ಕೆ 55 ಲೀಟರು ಅನ್ನೋದು ಯೋಜನೆಯ ಗುರಿ. ನೀರು ಬಂದ ಖುಷಿಗೆ ತಮ್ಮ ಮಾಡಿದ ಮೊದಲ ಕೆಲಸ, ಬಚ್ಚಲ ನೀರಿನ ಪೈಪನ್ನು ತಂದು ಕಕ್ಕಸಿನ ಚೇಂಬರಿಗೆ ಸೇರಿಸಿದ್ದು. ಹಿತ್ತಲು ಕೊಚ್ಚೆಯಾಗಬಾರದಲ್ಲ! ಒಂದೇ ತಿಂಗಳಲ್ಲಿ ಎರಡನೇ ಗುಂಡಿ ಬಾವಿಯಾಯಿತು. ಸೋಪಿನ ನೀರು, ಎಣ್ಣೆ ಸ್ನಾನದ ಜಿಡ್ಡು ಎಲ್ಲಾ ಹೋಗಿ ಜೇನುಗೂಡಿನ ಸಂದಿಗೆ ಮೆತ್ತಿಕೊಂಡಿತ್ತು. ನೀರು ಇಂಗುತ್ತಿಲ್ಲ, ನೊರೆ ಮೇಲೆ ಬರುತ್ತಿದೆ, ನಾತ ಬೀದಿಯವರೆಗೆ. ಆ ನಾತಕ್ಕೆ ಯಾರೋ ಹೇಳಿದರು ಅಂತ ಒಂದು ಬಾಟಲಿ ಫಿನಾಯಿಲೂ ಸುರಿದಿದ್ದ. ಅದು ಸಾಯಿಸುವುದು ಗುಂಡಿಯಲ್ಲಿ ದುಡಿಯುವ ಸೂಕ್ಷ್ಮಜೀವಿಗಳನ್ನೇ. ಬಚ್ಚಲ ಪೈಪು ಕಿತ್ತು ತೆಂಗಿನ ಬುಡಕ್ಕೆ ತಿರುಗಿಸಿ, ವಾರಗಟ್ಟಲೆ ಕಡಿಮೆ ನೀರು ಹುಯ್ದು ಜೋಪಾನ ಮಾಡಿದ ಮೇಲೆ ಸರಿಹೋಯಿತು. ನೀರಿಲ್ಲದೆ ಕಕ್ಕಸು ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ನೀರು ಜಾಸ್ತಿಯಾಗಿಯೂ ಕೆಡುತ್ತದೆ ಅಂತ ನಮಗೆ ಅವತ್ತು ಗೊತ್ತಾಯಿತು.

ನಲ್ಲಿ ಬಂದಾಗ ಇನ್ನೊಂದು ನಡೆಯಿತು. ಊರಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಮಾಡುವ ಕಿಟ್ ಕೊಟ್ಟು ತರಬೇತಿ ಮಾಡಿದರು. ತಮ್ಮನ ಹೆಂಡತಿ ಅದರಲ್ಲಿ ಒಬ್ಬಳು. ಪಿಯುಸಿಯಲ್ಲಿ ಸೈನ್ಸ್ ಓದಿದವಳು, ಮದುವೆಯಾಗಿ ಹಟ್ಟಿ ಗುಡಿಸುತ್ತಿದ್ದವಳು. ಕೈಗೆ ಟ್ಯೂಬು, ಬಣ್ಣದ ಚಾರ್ಟು ಸಿಕ್ಕಿದ್ದೇ ಊರ ನೀರೆಲ್ಲಾ ತಂದು ಜಗಲಿ ಮೇಲೆ ಸಾಲಾಗಿ ಇಟ್ಟಳು. ಪಂಚಾಯ್ತಿ ಬೋರಿನಲ್ಲಿ ಫ್ಲೋರೈಡ್ ಜಾಸ್ತಿ ಬಂತು, ಅದೇನು ಹೊಸದಲ್ಲ. ನಮ್ಮ ಕಡೆ ಹುಡುಗರ ಹಲ್ಲು ನೋಡಿದರೇ ಗೊತ್ತಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಇರುವುದು ಶಿರಾ, ಪಾವಗಡ, ಮಧುಗಿರಿ ಕಡೆ ಎಷ್ಟೋ ಬೋರುಗಳಲ್ಲಿ ದಾಟುತ್ತದೆ. ಅದಕ್ಕೇ ಊರಲ್ಲಿ ಶುದ್ಧ ನೀರಿನ ಘಟಕ, ಕಾಯಿನ್ ಹಾಕಿ ಕ್ಯಾನ್ ಹಿಡಿಯೋದು.

ಹೊಸದಾಗಿ ಕಂಡದ್ದು ದೊಡ್ಡಪ್ಪನ ಮನೆ ಬೋರಿನ ನೀರು. ನೈಟ್ರೇಟ್ ಪುಡಿ ಹಾಕಿ ಅಲ್ಲಾಡಿಸಿ ಬಿಟ್ಟ ಟ್ಯೂಬು ನೋಡನೋಡುತ್ತಾ ದಾಸವಾಳದ ಬಣ್ಣಕ್ಕೆ ತಿರುಗಿತು. ಲೀಟರಿಗೆ 45 ಮಿಲಿಗ್ರಾಂ ಮಿತಿ. ಚಾರ್ಟಿನಲ್ಲಿ ಅದಕ್ಕೆ ಇದ್ದ ಬಣ್ಣಕ್ಕಿಂತ ಇದು ಗಾಢ. ಬೋರು ಎಂಟುನೂರು ಅಡಿ, ಆದರೆ ಒಳಗೆ ಇಳಿಸುವ ಕೇಸಿಂಗ್ ಪೈಪು ಇರೋದು ಮೇಲಿನ ಅರವತ್ತು ಅಡಿಗೆ ಮಾತ್ರ. 15 ಅಡಿ ಗುಂಡಿ ಅದರಿಂದ ಏಳೆಂಟು ಹೆಜ್ಜೆ. ಕೊಟ್ಟಿಗೆಯ ಗಂಜಲ, ತಿಪ್ಪೆ, ಯೂರಿಯಾ ಇವೂ ಕಾರಣ ಇರಬಹುದು, ಗುಂಡಿಯದೊಂದೇ ತಪ್ಪು ಅಂತ ಹೇಳಲಾಗದು. ಆದರೆ ಕೋಲಾರದ ಮುಳಬಾಗಿಲು ಪಟ್ಟಣದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಅಭ್ಯಾಸ ಮಾಡಿ, ಕಕ್ಕಸು ಗುಂಡಿಗಳ ನೀರು ಇಳಿದು ಅಂತರ್ಜಲಕ್ಕೆ ನೈಟ್ರೇಟ್ ಸೇರಿದೆ ಅಂತ ತೋರಿಸಿದ್ದಾರೆ. "ಫ್ಲೋರೈಡು ಕಲ್ಲಿಂದ ಬಂದಿದ್ದು ದೊಡ್ಮಾವ, ಇದು ನಮ್ಮಿಂದ" ಅಂದಳು ತಮ್ಮನ ಹೆಂಡತಿ. ದೊಡ್ಡಪ್ಪ ಮಾತಾಡಲಿಲ್ಲ. ಮೊಮ್ಮಗು ಹುಟ್ಟಿ ಮೂರು ತಿಂಗಳಾಗಿತ್ತು. ಎಳೆಮಕ್ಕಳಿಗೆ ಈ ನೈಟ್ರೇಟ್ ರಕ್ತದಲ್ಲಿ ಆಮ್ಲಜನಕ ಓಡಾಡದ ಹಾಗೆ ಮಾಡುತ್ತದೆ, ಕುದಿಸಿದರೂ ಹೋಗಲ್ಲ. ಅವತ್ತಿಂದ ಅವರ ಮನೆಗೂ ಘಟಕದ ಕ್ಯಾನು ಬಂತು.

ಇನ್ನು ನಾನು ಹೇಳಬೇಕು ಅಂದುಕೊಂಡ ಭಾನುವಾರ.

ಮುಚ್ಚಿದ ಗುಂಡಿಗೆ 2024ರ ಮಾರ್ಚ್‌ಗೆ ಎರಡು ವರ್ಷ ತುಂಬಿತು. ಮಳೆಗೆ ಮುಂಚೆ ತೆಗೆಯಬೇಕು. ಯುಗಾದಿ ಮುಗಿದ ಮೇಲಿನ ಭಾನುವಾರ ಅಂತ ಗೊತ್ತು ಮಾಡಿದೆವು. ಯಾರು ತೆಗೆಯೋದು ಅಂತ ಯಾರೂ ಕೇಳಲಿಲ್ಲ. ತಮ್ಮ ಆ ದಿನ ಅಡಿಕೆ ತೋಟದ ಡ್ರಿಪ್ಪು ರಿಪೇರಿ ಇದೆ ಅಂತ ಮೂರು ದಿನ ಮೊದಲೇ ಹೇಳಿಟ್ಟಿದ್ದ. ನಾನು ಅಂಗಡಿಯಿಂದ ಗಮ್‌ಬೂಟು, ರಬ್ಬರ್ ಗ್ಲೌಸು ತಂದಿದ್ದೆ. ಒಂದೇ ಜೊತೆ. ಯಾರ ಅಳತೆಗೆ ತಂದೆ ಅಂತ ನನಗೇ ಸ್ಪಷ್ಟವಿರಲಿಲ್ಲ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಬೆಳಗ್ಗೆ ಆರಕ್ಕೇ ಹಾರೆ ಹಾಕಿ ಚಪ್ಪಡಿ ಸರಿಸಿ, ಗಾಳಿಯಾಡಲಿ ಅಂತ ಬಿಟ್ಟೆ. ಬಿಟ್ಟು ಜಗಲಿಗೆ ಬಂದು ಪೇಪರ್ ಹಿಡಿದು ಕೂತೆ. ಏಳೂವರೆಗೆ ಬಾಗಿಲಲ್ಲಿ ಕಾಲೋನಿಯ ಹಿರಿಯರೊಬ್ಬರು ನಿಂತಿದ್ದರು. ಅಪ್ಪ ಇದ್ದಾಗಿಂದ ನಮ್ಮ ಹೊಲಕ್ಕೆ ಬರುತ್ತಿದ್ದವರು. ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ನೀಲಿ ಶಾಲು.

"ಏನಪ್ಪಾ, ಬರ್ಬೇಕಂತೆ ಅಂತ ನಿಮ್ಮವ್ವ ಹೇಳ್ಕಳ್ಸಿತ್ತು?"

ಅಮ್ಮ ನನ್ನನ್ನು ಕೇಳದೆ ಹೇಳಿ ಕಳಿಸಿದ್ದಳು. ಅಥವಾ, ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆನೋ ಇಲ್ಲವೋ. "ಹಿತ್ತಲಲ್ಲಿ ಆ ಗುಂಡಿ..." ಅಂತ ಶುರುಮಾಡಿ ನಿಲ್ಲಿಸಿದೆ. ಅವತ್ತು ಏಪ್ರಿಲ್ 14. ಅಂಬೇಡ್ಕರ್ ಜಯಂತಿ. ಪೇಪರಿನ ಮೊದಲ ಪುಟದಲ್ಲೇ ಇತ್ತು, ನನ್ನ ತೊಡೆ ಮೇಲೆ.

ಅವರು ಹಿತ್ತಲಿಗೆ ಬಂದರು. ಗುಂಡಿಗೆ ಬಗ್ಗಿ ನೋಡಿದರು. ಮುಖ ಸಿಂಡರಿಸಲಿಲ್ಲ. "ಮಣ್ಣಾಗದೆ" ಅಂದರು.

"ಹೂಂ, ಎರಡು ವರ್ಷ ಆಯ್ತು, ಬರೀ ಮಣ್ಣು."

"ಬರೀ ಮಣ್ಣು ತಾನೆ? ಮತ್ತೆ ನಾನ್ಯಾಕಪ್ಪ ತೆಗೀಲಿ. ನಿಮ್ಮನೇದು, ನೀನೇ ತೆಕ್ಕೋ."

ಸಿಟ್ಟಿಲ್ಲ, ವ್ಯಂಗ್ಯವೂ ಇಲ್ಲ, ಗುದ್ದಲಿ ಅಲ್ಲಿದೆ ನೋಡು ಅನ್ನುವ ಹಾಗೆ. ಆಮೇಲೆ ಅಮ್ಮ ಕೊಟ್ಟ ಕಾಫಿ ಕುಡಿಯುತ್ತಾ, ಆ ಹಿರಿಯರು ತಮ್ಮ ಸೋದರಮಾವ ಪೇಟೆಯಲ್ಲಿ ಬಕೆಟ್ ಕಕ್ಕಸು ಹೊರುತ್ತಿದ್ದುದನ್ನು ಹೇಳಿದರು. ತಲೆ ಮೇಲಿನ ಬುಟ್ಟಿ ಮಳೆಗಾಲದಲ್ಲಿ ಕಿವಿ ಮೇಲೆ ಸೋರುತ್ತಿತ್ತಂತೆ. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧ ಮಾಡಿದರು. "ಅವತ್ತಿಂದ ನಮ್ಮಾವ ಬುಟ್ಟಿ ಎಸೆದ. ಆದ್ರೂ ಕೊನೇವರ್ಗೂ ಕಿವಿ ಒರೆಸ್ಕೊಳೋದು ಬಿಡ್ಲಿಲ್ಲ ನೋಡು" ಅಂದರು. ಕಾಲೋನಿಯ ಕಡೆಯಿಂದ ಮೈಕಿನಲ್ಲಿ ಹಾಡು ಶುರುವಾಗಿತ್ತು. "ನೀವು ಹೊರಡಿ, ಹೊತ್ತಾಯ್ತು" ಅಂದೆ. ಅವರನ್ನು ಅಲ್ಲಿಯವರೆಗೆ ಮೂವತ್ತು ವರ್ಷ ನೀನು ಅಂತಲೇ ಕರೆದಿದ್ದವನು ನಾನು.

ಆಮೇಲೆ ಬೂಟು ಹಾಕಿಕೊಂಡೆ. ನನ್ನ ಕಾಲಿಗೆ ಸರಿಯಾಗೇ ಇತ್ತು.

ಗುಂಡಿಗೆ ಇಳಿಯುವ ಮುಂಚೆ ಎಷ್ಟು ಹೊತ್ತು ಅಂಚಿನಲ್ಲಿ ನಿಂತಿದ್ದೆ ಅಂತ ಹೇಳಲಾರೆ. ತಲೆಗೆ ಗೊತ್ತು, ಮೈ ಒಪ್ಪಲ್ಲ. 2017ರ ಫೆಬ್ರವರಿಯಲ್ಲಿ ತೆಲಂಗಾಣದ ವಾರಂಗಲ್ ಕಡೆಯ ಗಂಗದೇವಿಪಲ್ಲಿಯಲ್ಲಿ ಕೇಂದ್ರ ಸರ್ಕಾರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಅವರೇ ಇಂಥ ಗುಂಡಿಗೆ ಇಳಿದು ಗೊಬ್ಬರ ತೆಗೆದಿದ್ದರು. ಆ ಫೋಟೋವನ್ನು ನಾನೇ ಎಷ್ಟೋ ಗಿರಾಕಿಗಳಿಗೆ ಮೊಬೈಲಿನಲ್ಲಿ ತೋರಿಸಿದ್ದೆ. ತೋರಿಸುವುದು ಸುಲಭ.

ತುಂಬಿದಾಗ ಅಂಚಿನ ಹತ್ತಿರ ಇದ್ದದ್ದು ಈಗ ಎರಡು ಅಡಿಗಿಂತ ಕೆಳಗೆ ಕುಸಿದಿತ್ತು. ಮೇಲೊಂದು ಒಣ ಹಪ್ಪಳದಂಥ ಪದರ. ಗುದ್ದಲಿ ಹಾಕಿದರೆ ಟಪ್ ಅಂತ ಒಡೆಯಿತು. ಕೆಳಗೆ ಕಾಫಿ ಪುಡಿಯ ಬಣ್ಣ, ಬೆರಳಲ್ಲಿ ಉಜ್ಜಿದರೆ ಹುಡಿಯಾಗುತ್ತದೆ. ಉಸಿರು ಬಿಗಿಹಿಡಿದಿದ್ದೆ. ಎಷ್ಟು ಹೊತ್ತು ಹಿಡಿಯಲಾಗುತ್ತೆ? ಬಿಟ್ಟೆ. ವಾಸನೆ ಇರಲಿಲ್ಲ. ಇತ್ತು ಅಂದರೆ ಹಳೇ ಹುತ್ತದ ಮಣ್ಣಿನದು. ಜಿರಲೆ ಮಾತ್ರ ಹಿಂಡು ಹಿಂಡು. ಜೇನುಗೂಡಿನ ಸಂದಿಯಿಂದ ಕರಿಬೇವಿನ ಬೇರು ಒಳಗೆ ನುಗ್ಗಿ ಜಡೆ ಹಾಕಿಕೊಂಡಿತ್ತು. ಈ ಎರಡು ವರ್ಷ ಕರಿಬೇವು ಯಾಕೆ ಅಷ್ಟು ಸೊಂಪಾಗಿತ್ತು, ಅಮ್ಮ ಯಾಕೆ ತುಮಕೂರಿಗೂ ಕಟ್ಟಿ ಕಳಿಸುತ್ತಿದ್ದಳು ಅಂತ ಆಗ ಗೊತ್ತಾಯಿತು. ಬೇರು ಕತ್ತರಿಸುತ್ತಾ ಒಬ್ಬನೇ ನಕ್ಕೆ.

ಕೊಳೆಯದೆ ಉಳಿದಿದ್ದವು ಕೆಲವು. ಶಾಂಪೂ ಪೊಟ್ಟಣ ಏಳೋ ಎಂಟೋ. ಒಂದು ಸ್ಟೀಲ್ ಚಮಚ. ಹುಡುಗನ ಗೋಲಿ. ಲಾಕ್‌ಡೌನ್ ಕಾಲದ ಮಾಸ್ಕಿನ ದಾರ. ತಳದ ಹತ್ತಿರ ಒಂದು ಕಡೆ ಮಾತ್ರ ತುಸು ಒದ್ದೆ ಇತ್ತು, ಅದನ್ನು ಬೇರೆಯಾಗಿ ಹರಡಿ ಬಿಸಿಲಿಗೆ ಹಾಕಿದೆ. ಜಂತುಹುಳುವಿನ ಮೊಟ್ಟೆ ಹಟಮಾರಿ, ಎರಡು ವರ್ಷ ಕಾಯಿರಿ ಅನ್ನೋದು ಅದಕ್ಕೇ. ಬಿಸಿಲು ಇನ್ನಷ್ಟು ಒಳ್ಳೆಯದು.

ನಾನು ಬಾಂಡ್ಲಿಗೆ ತುಂಬುವುದು, ಮೇಲೆ ಇಡುವುದು, ಹತ್ತಿ ಹೋಗಿ ಚೀಲಕ್ಕೆ ಸುರಿಯುವುದು, ಮತ್ತೆ ಇಳಿಯುವುದು. ನಾಲ್ಕನೇ ಚೀಲದ ಹೊತ್ತಿಗೆ ಸೊಂಟ ಹಿಡಿಯಿತು. ಆಗ ಮೇಲಿಟ್ಟ ಬಾಂಡ್ಲಿ ತಾನಾಗೇ ಹೋಯಿತು. ತಲೆ ಎತ್ತಿ ನೋಡಿದರೆ ತಮ್ಮನ ಹೆಂಡತಿ. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು, ಬಾಂಡ್ಲಿಯಿಂದ ಒಂದು ಹಿಡಿ ತೆಗೆದು ನೋಡುತ್ತಿದ್ದಳು. ಮೂಗಿನ ಹತ್ತಿರವೂ ಹಿಡಿದಳು.

"ಇಷ್ಟೇನಾ ಭಾವ?"

"ಇಷ್ಟೇ."

"ಇದಕ್ಕಾ ಅತ್ತೆ ಅಷ್ಟು ಹೆದರಿದ್ದು."

ಚೀಲದ ಬಾಯಿ ಹಿಡಿಯಲು ಕೂತಳು. ಅಮ್ಮ ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದಳು, ಹೊರಗೆ ಬರಲಿಲ್ಲ. ಹತ್ತೂವರೆಗೆ ಮುಗಿಯಿತು. 13 ಸಿಮೆಂಟ್ ಚೀಲ. ನಾಲ್ಕು ವರ್ಷ, ಒಂದು ಲಾಕ್‌ಡೌನು, ಒಂದು ಬಾಣಂತನ ಎಲ್ಲಾ ಸೇರಿ.

2013ರ ಮಲ ಹೊರುವ ಪದ್ಧತಿ ನಿಷೇಧದ ಕಾಯ್ದೆಯಲ್ಲಿ ಒಂದು ಮಾತಿದೆ. ಪೂರ್ತಿ ಕೊಳೆತು ಮಣ್ಣಾಗುವ ಮುಂಚೆ ಮಲವನ್ನು ಕೈಯಲ್ಲಿ ತೆಗೆಸುವುದು ಅಪರಾಧ. ಅಂದರೆ ಕಾನೂನಿನ ಲೆಕ್ಕದಲ್ಲಿ ನಮ್ಮ ಹಿತ್ತಲಲ್ಲಿದ್ದದ್ದು ಗೊಬ್ಬರ, ಆ ಹಿರಿಯರಿಂದ ತೆಗೆಸಿದ್ದರೂ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ದೊಡ್ಡಪ್ಪನ ಗುಂಡಿ ಹಾಗಲ್ಲ. ಅದು ಕಳೆದ ವರ್ಷ ಉಕ್ಕಿತು. ಪಟ್ಟಣದಿಂದ ಹೀರುವ ಗಾಡಿ ತರಿಸಿದರು. ಗಾಡಿಗೆ 3,500, ಅದು ಎಲ್ಲಿಗೆ ಹೋಗಿ ಸುರಿಯಿತೋ ಯಾರೂ ಕೇಳಲಿಲ್ಲ. ದೇವನಹಳ್ಳಿಯಲ್ಲಿರುವಂಥ ಮಲ ಸಂಸ್ಕರಣೆ ಘಟಕ ನಮ್ಮ ಅಕ್ಕಪಕ್ಕ ನಾನಂತೂ ಕಂಡಿಲ್ಲ. ಕೆರೆ ಕೋಡಿ ಹತ್ತಿರ ಗಾಡಿಯ ಚಕ್ರದ ಗುರುತು ಮಾತ್ರ ಕಂಡೆ.

ಗೊಬ್ಬರವನ್ನು ತರಕಾರಿಗೆ ಹಾಕಬೇಡ ಅಂದಳು ಅಮ್ಮ. ಸೊಪ್ಪಿಗೆ ಹಾಕುವುದು ನನಗೂ ಬೇಡವಾಗಿತ್ತು. ಹತ್ತು ಚೀಲ ತೆಂಗಿಗೆ ಹಾಕಿದೆವು, ಎರಡು ಕನಕಾಂಬರಕ್ಕೆ. ಉಳಿದ ಒಂದು ಚೀಲ ಜಗಲಿ ಮೂಲೆಯಲ್ಲಿ ತಿಂಗಳುಗಟ್ಟಲೆ ಇತ್ತು. ಬಂದವರೆಲ್ಲ ಏನದು ಅಂತ ಕೇಳಿದರೆ ತಮ್ಮನ ಹೆಂಡತಿ ಬಾಯಿ ಬಿಚ್ಚಿ ಕೈಯಲ್ಲಿ ಹಿಡಿದು ತೋರಿಸುತ್ತಿದ್ದಳು. ಮೊದಲು ಮುಟ್ಟಿಸಿ, ಆಮೇಲೆ ಏನು ಅಂತ ಹೇಳುತ್ತಿದ್ದಳಂತೆ. ಕೆಲವರು ಅಲ್ಲೇ ಬೈದು ಕೈ ತೊಳೆಯಲು ಓಡಿದರು. ಮೂರು ಮನೆಯವರು ಎರಡನೇ ಗುಂಡಿಗೆ ಇಟ್ಟಿಗೆ ತರಿಸಿದರು, ಒಬ್ಬರು ನಮ್ಮ ಅಂಗಡಿಯಿಂದಲೇ ಪೈಪು ಒಯ್ದರು.

2025ರ ಆಗಸ್ಟ್‌ನಲ್ಲಿ ಎರಡನೇ ಗುಂಡಿ ತುಂಬಿತು. ನಾನು ಊರಿಗೆ ಹೋಗುವಷ್ಟರಲ್ಲಿ ಅವಳೇ ಚೇಂಬರು ತೆಗೆದು ಇಟ್ಟಿಗೆ ಬದಲಾಯಿಸಿದ್ದಳು. ಮುಚ್ಚಿದ ಗುಂಡಿಯ ಚಪ್ಪಡಿ ಮೇಲೆ ಬಾಗಿಲಿಗೆ ತಂದ ಹಸಿರು ಬಣ್ಣದಲ್ಲಿ ದುಂಡಗೆ ಬರೆದಿದ್ದಾಳೆ: ಮುಚ್ಚಿದ್ದು 2025 ಆಗಸ್ಟ್, ತೆಗೆಯುವುದು 2028 ಯುಗಾದಿ. ಅದರ ಕೆಳಗೆ ನನ್ನ ತಮ್ಮನ ಹೆಸರು.